ಸೊಂಟದ ಸುತ್ತ ಮೂರು ತಿಂಗಳು

ಮನುಷ್ಯನ ಸೊಂಟದಷ್ಟು ಸುಳ್ಳು ಹೇಳುವ ಅಂಗ ಇನ್ನೊಂದಿಲ್ಲ. ಇಪ್ಪತ್ತೆಂಟು ವರ್ಷದಿಂದ ಟೈಲರ್ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿರುವ (‘ಹೊಟ್ಟೆ ಹೊರುತ್ತಿರುವ’ ಎಂದು ನನ್ನ ಹೆಂಡತಿಯ ತಿದ್ದುಪಡಿ) ನನ್ನ ಅನುಭವದ ಮಾತು ಇದು. ಟೇಪು ಹಿಡಿದು ಹತ್ತಿರ ಹೋದರೆ ಸಾಕು, ಗಂಡಸರು ಉಸಿರು ಒಳಗೆಳೆದು, ಎದೆಯುಬ್ಬಿಸಿ, ಫ್ಯಾನ್ ನೋಡುತ್ತಾ ನಿಲ್ಲುತ್ತಾರೆ. ಆ ಉಸಿರನ್ನು ಬಿಡದೆಯೇ, "ಮೂವತ್ನಾಲ್ಕು ತಾನೇ?" ಎನ್ನುತ್ತಾರೆ. ನಾನು "ಮೂವತ್ನಾಲ್ಕೇ ಸಾರ್" ಎಂದು ಹೇಳಿ, ಪುಸ್ತಕದಲ್ಲಿ ಮೂವತ್ತೆಂಟು ಎಂದು ಬರೆದುಕೊಳ್ಳುತ್ತೇನೆ. ಹೀಗಾಗಿ ಮನುಷ್ಯಜಾತಿಯ ಬಗ್ಗೆ ನನಗಿರುವ ತಿರಸ್ಕಾರ ಇವತ್ತು ನಿನ್ನೆಯದಲ್ಲ. ಅಳತೆ ತೆಗೆದು, ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಇಟ್ಟಿರುವಂಥದ್ದು.

ಇಂಥ ನನ್ನನ್ನೇ ಒಂದು ದಿನ ಅಳೆದುಬಿಟ್ಟರು ನೋಡಿ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವಳ ಸ್ಕೂಲಿನಲ್ಲಿ ಟೀಚರುಗಳಿಗೂ ಅವರ ಮನೆಯವರಿಗೂ ಆರೋಗ್ಯ ತಪಾಸಣೆ ಏರ್ಪಾಡಾಗಿತ್ತು. "ಸುಮ್ಮಸುಮ್ಮನೆ ರಕ್ತ ಕೊಡೋಕೆ ನಾನು ಬರಲ್ಲ" ಎಂದೆ. "ದಿನಾ ಸೂಜಿ ಹಿಡಿಯೋರಿಗೆ ಒಂದು ಸೂಜಿ ಕಂಡ್ರೆ ಭಯಾನಾ?" ಎಂದು ಎಳೆದುಕೊಂಡು ಹೋದಳು. ಅಲ್ಲೊಬ್ಬ ನರ್ಸು ನನ್ನ ಸೊಂಟಕ್ಕೆ ಟೇಪು ಸುತ್ತಿ, "ನಲವತ್ತೊಂದು" ಎಂದು ಇಡೀ ಸ್ಟಾಫ್ ರೂಮಿಗೆ ಕೇಳುವಂತೆ ಕೂಗಿದಳು. ನಾನು ಉಸಿರು ಒಳಗೆಳೆದುಕೊಂಡು ಫ್ಯಾನ್ ನೋಡುತ್ತಿದ್ದೆ. ಆಗಲೂ ನಲವತ್ತೊಂದು!

ವಾರದ ನಂತರ ಡಾಕ್ಟರಮ್ಮ ನನ್ನ ರಿಪೋರ್ಟನ್ನು ಕನ್ನಡಕದ ಒಳಗಿಂದ ಒಂದು ಸಲ, ಮೇಲಿಂದ ಒಂದು ಸಲ ನೋಡಿದರು.

"ಸಕ್ಕರೆ ಗಡಿ ದಾಟಿದೆ. ರಕ್ತದಲ್ಲಿ ಕೊಬ್ಬು ಜಾಸ್ತಿ. ಲಿವರಲ್ಲೂ ಸೇರಿರೋ ಹಾಗಿದೆ. ಒಟ್ಟಿನಲ್ಲಿ ನಿಮ್ಮ ಮೆಟಬಾಲಿಸಂ ಸೋಮಾರಿಯಾಗಿದೆ."

"ಯಜಮಾನನ ಹಾಗೇ" ಎಂದಳು ನನ್ನ ಹೆಂಡತಿ.

"ಮೂರು ತಿಂಗಳು ಟೈಮ್ ಕೊಡ್ತೀನಿ. ಊಟ ಸರಿ ಮಾಡ್ಕೊಳ್ಳಿ, ನಡೀರಿ, ಹೊತ್ತಿಗೆ ಸರಿಯಾಗಿ ಮಲಗಿ. ಆಗಲಿಲ್ಲ ಅಂದ್ರೆ ಮಾತ್ರೆ ಶುರು ಮಾಡ್ಬೇಕಾಗುತ್ತೆ. ನೀವು ಬೇರೆ ಟೈಲರ್ ಅಂತೀರಿ. ಸಕ್ಕರೆ ಹೀಗೇ ಇದ್ರೆ ಒಂದು ದಿನ ಕಣ್ಣಿಗೂ ಕೈ ಹಾಕುತ್ತೆ."

ಆ ಕೊನೆಯ ಮಾತು ಮಾತ್ರ ಎಲ್ಲೋ ಚುಚ್ಚಿತು. ಕೆಲವು ದಿನಗಳಿಂದ ಸೂಜಿಗೆ ದಾರ ಪೋಣಿಸಲು ಮೂರು ಸಲ, ನಾಲ್ಕು ಸಲ ಗುರಿಯಿಡಬೇಕಾಗುತ್ತಿತ್ತು. ಆದರೆ ನಾನದನ್ನು ದಾರದ ತಲೆಗೆ ಕಟ್ಟಿ ಸುಮ್ಮನಿದ್ದೆ. ಈಗಿನ ದಾರಗಳಿಗೆ ಮೊದಲಿನ ನಿಯತ್ತಿಲ್ಲ.

ಮನೆಗೆ ಬಂದವಳೇ ನನ್ನಾಕೆ ಒಂದು ಗ್ರಾಫ್ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಅಡ್ಡಗೆರೆಯಲ್ಲಿ ವಾರಗಳು, ಉದ್ದಗೆರೆಯಲ್ಲಿ ನನ್ನ ಸೊಂಟ. ಪ್ರತಿ ಭಾನುವಾರ ಬೆಳಿಗ್ಗೆ ಅಳತೆ ತೆಗೆದು ಒಂದು ಚುಕ್ಕಿ ಇಡುವುದೆಂದು ಘೋಷಣೆಯಾಯಿತು. ಮದುವೆಯಾದ ಹೊಸದರಲ್ಲಿ ನನ್ನ ಫೋಟೋ ಅಂಟಿಸಬಹುದಾಗಿದ್ದ ಜಾಗ ಅದು.

ಇಷ್ಟು ಸಾಲದೆಂಬಂತೆ ನನ್ನ ಭಾವಮೈದುನ ಅವತರಿಸಿದ. ಇವನು ಹಿಂದೆ ನೀರಿನ ಫಿಲ್ಟರ್ ಮಾರುತ್ತಿದ್ದ, ಆಮೇಲೆ ಹಾಸಿಗೆ ಮಾರಿದ, ಆಮೇಲೆ ಹಾಸಿಗೆಯ ಮೇಲೇ ಒಂದು ವರ್ಷ ಮಲಗಿದ್ದ. ಈಗ ಎದ್ದವನು ‘ಚಯಾಪಚಯ ಚಿಂತನ ಮಾರ್ಗದರ್ಶಕ’ನಾಗಿದ್ದಾನೆ. ಹಾಗಂತ ಕಾರ್ಡು ಮಾಡಿಸಿದ್ದಾನೆ.

"ಚಯಾಪಚಯ ಅಂದ್ರೆ ಏನಯ್ಯಾ?" ಎಂದೆ.

"ಮೆಟಬಾಲಿಸಂ ಭಾವ. ನಾವು ಉಂಡದ್ದನ್ನ ದೇಹ ಏನು ಮಾಡುತ್ತೆ ಅನ್ನೋದು."

"ಅದಕ್ಕೆ ಮಾರ್ಗದರ್ಶಕ ಯಾಕೆ? ಉಂಡದ್ದಕ್ಕೆ ತನ್ನ ಮಾರ್ಗ ಗೊತ್ತಿದೆ."

ಅವನು ನಗಲಿಲ್ಲ. ಮಾರ್ಗದರ್ಶಕರು ನಗುವುದಿಲ್ಲ, ಮುಗುಳ್ನಗುತ್ತಾರೆ. "ಭಾವ, ಮೊದಲು ಮನಸ್ಸು ಬದಲಾಗ್ಬೇಕು. ಹೊಟ್ಟೆ ಅನ್ನೋದು ಹೊಟ್ಟೇಲಿಲ್ಲ, ತಲೇಲಿದೆ."

"ನಿನಗೆ ಹಾಗಿರಬಹುದು. ನನ್ನದು ಬೆಲ್ಟಿನ ಮೇಲಿದೆ."

ಅವನ ವಿಧಾನ ಕೇಳಿ. ತಟ್ಟೆಯಲ್ಲಿ ಮೊದಲು ಹಸಿ ತರಕಾರಿ ತಿನ್ನಬೇಕು. ಅದು ಮುಗಿದ ಮೇಲೆ ಮೊಟ್ಟೆಯೋ ಕಾಳೋ. ಅನ್ನ, ಬ್ರೆಡ್ಡು ಇತ್ಯಾದಿ ಸಜ್ಜನರು ಕಟ್ಟಕಡೆಗೆ, ಅದೂ ಒಂದು ಹಿಡಿ. ಊಟವಾದೊಡನೆ ಕೂರದೆ ಹತ್ತು ನಿಮಿಷ ನಡೆಯಬೇಕು. ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಬೆಳಿಗ್ಗೆ ಎದ್ದಕೂಡಲೇ ಬಲಗೈಯನ್ನು ಪಕ್ಕೆಲುಬಿನ ಕೆಳಗಿಟ್ಟು "ನನ್ನ ಯಕೃತ್ತೇ, ನಿನಗೆ ಕೃತಜ್ಞತೆ" ಎಂದು ಮೂರು ಸಲ ಹೇಳಬೇಕಂತೆ! ಎದುರಿಗೆ ಬಿಸ್ಕತ್ತು ಬಂದರೆ ಅದನ್ನು ನೇರವಾಗಿ ನೋಡಿ, "ನೀನು ಒಳ್ಳೆಯವನೇ, ಆದರೆ ನನ್ನವನಲ್ಲ" ಎಂದು ಸಮಾಧಾನವಾಗಿ ತಿಳಿಸಬೇಕಂತೆ! ಇಪ್ಪತ್ತೆಂಟು ವರ್ಷ ಜನರ ಮಾನ ಮುಚ್ಚಿದ್ದಕ್ಕೆ ನನಗೇ ಯಾರೂ ಒಂದು ಥ್ಯಾಂಕ್ಸ್ ಹೇಳಿಲ್ಲ. ಒಳಗೆ ಕತ್ತಲಲ್ಲಿ ಕೂತು ಕೊಬ್ಬು ಕೂಡಿಹಾಕಿಕೊಂಡಿರುವ ಲಿವರ್‌ಗೆ ನಾನು ಹೇಳಬೇಕೆ?

"ನಿನ್ನ ತಮ್ಮ ಆ ಹಾಸಿಗೆ ಬಿಟ್ಟು ಏಳಲೇಬಾರದಿತ್ತು" ಎಂದೆ ಅವನು ಹೋದ ಮೇಲೆ.

"ಅವನು ಹೇಳೋದ್ರಲ್ಲಿ ಮುಕ್ಕಾಲು ಪಾಲು ಡಾಕ್ಟರಮ್ಮ ಹೇಳಿದ್ದೇ ರೀ."

"ಉಳಿದ ಕಾಲು ಪಾಲು?"

"ಅದು ಬಾಯಿಚಪಲ. ಅವನಿಗೆ ಆಡೋ ಚಪಲ, ನಿಮಗೆ ತಿನ್ನೋ ಚಪಲ. ಬಾಯಿ ಒಂದೇ."

ನಾನು ಪ್ರಾಮಾಣಿಕವಾಗಿ ಪಥ್ಯ ಮಾಡಿದೆ. ಮೂರು ದಿನ. ಮೂರನೆಯ ದಿನ ಮಧ್ಯಾಹ್ನ ತಟ್ಟೆಯಲ್ಲಿದ್ದ ಸೌತೆಕಾಯಿಯನ್ನು ದಿಟ್ಟಿಸುತ್ತಾ ಕೂತಾಗ ನನಗೆ ಜ್ಞಾನೋದಯವಾಯಿತು. ಸೌತೆಕಾಯಿಯೆಂದರೆ ನೀರಿಗೆ ಅಳತೆ ತಪ್ಪಿ ಹೊಲಿದ ಹಸಿರು ಅಂಗಿ, ಅಷ್ಟೆ. ಇದನ್ನು ತಿಂದು ಬದುಕುವುದಕ್ಕಿಂತ ಬದುಕಿ ಬೇರೇನಾದರೂ ತಿನ್ನುವುದು ಮೇಲು. ಊಟವಾದ ಮೇಲೆ ಹತ್ತು ನಿಮಿಷ ನಡೆಯಬೇಕಿತ್ತಲ್ಲ, ನಡೆದೆ. ತಿರುವಿನಲ್ಲಿರುವ ಬೇಕರಿಗೆ ಸರಿಯಾಗಿ ಐದು ನಿಮಿಷ. ವಾಪಸು ಬರಲು ಐದು ನಿಮಿಷ.

ಬೇಕರಿಯ ಯಜಮಾನರು ತಾವೇ ಒಂದು ದೊಡ್ಡ ಬನ್ನಿನ ಹಾಗಿದ್ದರು. ಒಳಗೆ ಒಲೆಯ ಪಕ್ಕ, ರಸ್ತೆಗೆ ಕಾಣದ ಹಾಗೆ, ನನಗೊಂದು ಸ್ಟೂಲು ಹಾಕಿಕೊಟ್ಟರು. ಅಲ್ಲಿ ದಿನಕ್ಕೆ ಮೂರು ಕ್ರೀಮ್ ಬನ್ನುಗಳು ನನ್ನವರಾದರು.

ಆದರೆ ಭಾನುವಾರ ಬರುತ್ತಲ್ಲ! ಬಾಗಿಲ ಮೇಲಿನ ಆ ಹಾಳೆ ಬಾಯಿ ತೆರೆದು ಕಾಯುತ್ತಿತ್ತು. ಆಗ ನನ್ನ ಕಸುಬು ಕೈಹಿಡಿಯಿತು. ಟೈಲರ್ ಟೇಪು ಹಳೆಯದಾದರೆ ಹಿಗ್ಗುತ್ತದೆ. ಹಿಗ್ಗಿದ ಟೇಪಿನಲ್ಲಿ ಇಂಚುಗಳು ಉದ್ದವಾಗಿರುತ್ತವೆ, ಆದ್ದರಿಂದ ಅಳತೆ ಕಡಿಮೆ ತೋರಿಸುತ್ತದೆ. ಅದಕ್ಕೇ ನಾವು ಅಂಥ ಟೇಪನ್ನು ಬಿಸಾಡುವುದು. ನಾನು ಬಿಸಾಡಿದ್ದನ್ನೇ ಹುಡುಕಿ ತೆಗೆದೆ. ಶನಿವಾರ ಮಧ್ಯಾಹ್ನ ಅವಳು ಮಾರ್ಕೆಟ್ಟಿಗೆ ಹೋದಾಗ ಅದನ್ನು ಒದ್ದೆ ಮಾಡಿ, ಗೋಡೆಯ ಮೊಳೆಗೆ ಕಟ್ಟಿ, ಕೆಳತುದಿಗೆ ಇಸ್ತ್ರಿಪೆಟ್ಟಿಗೆ ತೂಗುಬಿಟ್ಟೆ.

ಭಾನುವಾರ ಬೆಳಿಗ್ಗೆ ನಲವತ್ತೂವರೆ!

"ಹ್ಞೂಂ" ಎಂದಳು ಹೆಂಡತಿ. ಚುಕ್ಕಿ ಇಟ್ಟಳು.

ಮುಂದಿನ ಶನಿವಾರ ಮತ್ತೆ ಇಸ್ತ್ರಿಪೆಟ್ಟಿಗೆ. ವಾರ ವಾರಕ್ಕೂ ನನ್ನ ಗೆರೆ ಜಾರುಬಂಡೆಯಲ್ಲಿ ಜಾರಿದಂತೆ ಇಳಿಯಿತು. ಆದರೆ ಬರೀ ಟೇಪಿದ್ದರೆ ಸಾಲದು, ಲೋಕಕ್ಕೂ ಕಾಣಬೇಕಲ್ಲ? ಪ್ಯಾಂಟಿನ ಹಿಂದಿನ ಹೊಲಿಗೆಯೊಳಗೆ ನಾವು ಮುಂದೆ ಬೇಕಾದೀತೆಂದು ಬಟ್ಟೆ ಮಡಿಸಿಟ್ಟಿರುತ್ತೇವೆ. ನನ್ನ ಎರಡು ಪ್ಯಾಂಟುಗಳಲ್ಲೂ ಅದನ್ನು ಬಿಚ್ಚಿ ಬಿಚ್ಚಿ ಲೂಸು ಮಾಡುತ್ತಾ ಹೋದೆ. ಬಟ್ಟೆ ಮುಗಿದ ಮೇಲೆ ಅದೇ ಬಣ್ಣದ ಪಟ್ಟಿ ಸೇರಿಸಿದೆ. ಬೆಲ್ಟು ಬಿಟ್ಟೆ. ರಸ್ತೆಯಲ್ಲಿ ಎಡಗೈಯಿಂದ ಪ್ಯಾಂಟನ್ನು ಎತ್ತಿಹಿಡಿದುಕೊಂಡು, "ಏನ್ ಮಾಡೋದು, ನಿಲ್ತಾನೇ ಇಲ್ಲ" ಎಂದು ನಿಟ್ಟುಸಿರು ಬಿಡುತ್ತಾ ನಡೆದೆ.

ನೋಡಿ, ಮನುಷ್ಯರ ಬುದ್ಧಿ ಎಂಥದ್ದು! ಕಣ್ಣೆದುರಿಗೆ ಹೊಟ್ಟೆ ಇದ್ದ ಹಾಗೇ ಇದೆ, ಇನ್ನೂ ಚೂರು ಮುಂದೆಯೇ ಬಂದಿದೆ. ಒಬ್ಬನಾದರೂ ಹೊಟ್ಟೆ ನೋಡಬೇಕಲ್ಲ? ಎಲ್ಲರೂ ಪ್ಯಾಂಟು ನೋಡಿದರು. "ಅಬ್ಬಾ, ಎಷ್ಟು ಇಳಿದಿದ್ದೀರಿ!" ಎಂದು ಎದುರುಮನೆಯ ರಿಟೈರ್ಡ್ ಇಂಜಿನಿಯರ್ ಹುಬ್ಬೇರಿಸಿದರು. ಸೇತುವೆ ಕಟ್ಟಿದ ಮನುಷ್ಯ! ಆ ಸೇತುವೆಗಳ ಮೇಲೆ ನಾನು ಇನ್ನು ಕಾಲಿಡುವುದಿಲ್ಲ.

ನನ್ನ ಭಾವಮೈದುನನ ಕ್ಲಾಸಿಗೆ ಅಲ್ಲಿಯವರೆಗೆ ಬರುತ್ತಿದ್ದವರು ನಾಲ್ಕು ಜನ. ಅದರಲ್ಲಿ ಒಬ್ಬ ಅವನೇ. ನನ್ನ ಪ್ಯಾಂಟಿನ ಮಹಿಮೆಯಿಂದ ಎರಡನೇ ತಿಂಗಳಿಗೆ ನಲವತ್ತು ಜನರಾದರು. ಬೆಳಿಗ್ಗೆ ಕಿಟಕಿ ತೆರೆದರೆ ಇಡೀ ಬೀದಿ ಪಕ್ಕೆ ಹಿಡಿದುಕೊಂಡು ಯಕೃತ್ತಿಗೆ ಉಪಚಾರದ ಮಾತು ಹೇಳುತ್ತಿತ್ತು. ಊಟದ ಹೊತ್ತು ಮುಗಿಯಿತೆಂದರೆ ಗಂಡಸರು ಹೆಂಗಸರು ಕಾಣೆಯಾದ ಹಸು ಹುಡುಕುವವರ ಹಾಗೆ ರಸ್ತೆಯುದ್ದಕ್ಕೂ ಅತ್ತಿಂದಿತ್ತ ತಿರುಗುತ್ತಿದ್ದರು. ಬೇಕರಿಯ ಯಜಮಾನರೂ ಸೇರಿಬಿಟ್ಟರು! ನನಗೆ ಬನ್ ಕೊಡುವಾಗ ಬನ್ನನ್ನೇ ನೋಡುತ್ತಾ, "ನೀನು ಒಳ್ಳೆಯವನೇ, ಆದರೆ ನನ್ನವನಲ್ಲ" ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ನಕ್ಕು, ನನ್ನವನನ್ನು ಬಾಯಿಗಿಟ್ಟುಕೊಳ್ಳುತ್ತಿದ್ದೆ.

ಆದರೆ ಒಂದು ಅನ್ಯಾಯ ನಡೆಯಿತು. ಈ ಮೂರ್ಖರಿಗೆಲ್ಲ ಗುಣವಾಗತೊಡಗಿತು.

ಇಂಜಿನಿಯರ್ ಮೂರು ಮಹಡಿ ನಿಲ್ಲದೆ ಹತ್ತಿದರಂತೆ. ಒಬ್ಬಾಕೆಯ ಸಕ್ಕರೆ ಗಡಿಯಿಂದ ಈಚೆಗೆ ಬಂತಂತೆ. ಎಲ್ಲರೂ ನನ್ನ ಅಂಗಡಿಗೇ ಪ್ಯಾಂಟು, ಅಂಗಿ, ಲಂಗ ಹೊತ್ತು ತಂದು, "ಎರಡು ಇಂಚು ಟೈಟ್ ಮಾಡಿ", "ಮೂರು ಇಂಚು ಟೈಟ್ ಮಾಡಿ" ಎಂದು ಮೆಷಿನ್ ಮೇಲೆ ಗುಡ್ಡೆ ಹಾಕಿದರು. ಅವರ ಬಟ್ಟೆ ಸಣ್ಣದು ಮಾಡುವುದಕ್ಕೆಂದು ನಾನು ದಿನಕ್ಕೆ ಹನ್ನೆರಡು ಗಂಟೆ ಕೂತೆ. ಕೂತು ಸುಸ್ತಾಗುತ್ತಿತ್ತು. ಸುಸ್ತಾದರೆ ಬನ್ ಬೇಕಾಗುತ್ತಿತ್ತು. ಹೀಗೆ ಊರಿನ ಸೊಂಟಗಳೆಲ್ಲ ಕರಗಿ ಬಂದು ನನ್ನ ಸೊಂಟದಲ್ಲಿ ಜಮೆಯಾದವು.

ಮೂರು ತಿಂಗಳು ತುಂಬಿದ ಭಾನುವಾರ ಟೇಪು ಮೂವತ್ತೊಂಬತ್ತು ಎಂದಿತು. ಅದೇ ದಿನ ಸಂಜೆ ಸ್ಕೂಲಿನ ಹಾಲಿನಲ್ಲಿ ಭಾವಮೈದುನನ ಸಭೆ. ನಾನು ಸಭೆಯ ಕೇಂದ್ರಬಿಂದು. ಬಿಂದು ಎನ್ನುವುದಕ್ಕಿಂತ ಕೇಂದ್ರವೃತ್ತ. ಮುಖ್ಯ ಅತಿಥಿ ಡಾಕ್ಟರಮ್ಮ. ಹೆಂಡತಿ ಮುಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು ಕೂತಿದ್ದಳು.

"ಇವರೇ ನನ್ನ ಭಾವ!" ಎಂದು ಅವನು ಮೈಕಿನಲ್ಲಿ ಗುಡುಗಿದ. "ಮನಸ್ಸು ಬದಲಾದರೆ ದೇಹ ಬದಲಾಗುತ್ತೆ ಅನ್ನೋದಕ್ಕೆ ಜೀವಂತ ಸಾಕ್ಷಿ!"

ಚಪ್ಪಾಳೆ. ನಾನು ಎಡಗೈಯಲ್ಲಿ ಪ್ಯಾಂಟು ಹಿಡಿದು, ಬಲಗೈಯಲ್ಲಿ ಹೂಗುಚ್ಛ ತೆಗೆದುಕೊಂಡೆ. ಚಪ್ಪಾಳೆ ಇನ್ನೂ ಜೋರಾಯಿತು. ಆಗ ಬೇಕರಿಯ ಯಜಮಾನರು ಎದ್ದು ನಿಂತರು. ಒಂಬತ್ತು ಕೆಜಿ ಇಳಿದಿದ್ದ ಆ ಮನುಷ್ಯನ ಗುರುತೇ ಸಿಗುತ್ತಿರಲಿಲ್ಲ.

"ನಾನೊಂದು ಮಾತು ಹೇಳ್ಬೇಕು" ಎಂದರು ಕೈಮುಗಿದು. "ನಾನು ಈ ಕ್ಲಾಸಿಗೆ ಸೇರಿದ್ದೇ ಟೈಲರಣ್ಣನ್ನ ನೋಡಿ. ಅವರು ದಿನಾ ತಪ್ಪದೆ ಊಟ ಆದ್ಮೇಲೆ ನಮ್ಮ ಬೇಕರಿಗೆ ನಡ್ಕೊಂಡು ಬಂದು ಮೂರು ಕ್ರೀಮ್ ಬನ್ ತಿಂತಾರೆ. ಒಂದು ದಿನ ತಪ್ಪಿಸಿಲ್ಲ! ಮೂರು ಬನ್ ತಿಂದೂ ಇಷ್ಟು ಇಳಿದ್ರಲ್ಲ, ಆ ಮಂತ್ರಕ್ಕೆ ಎಂಥ ಶಕ್ತಿ ಇರ್ಬೇಕು ಅಂತ ನಾನೂ ಸೇರಿದೆ. ನಾನು ಬನ್ ಬಿಟ್ಟು ಇಳಿದೆ. ಈಗ ನನ್ನದೊಂದೇ ಪ್ರಶ್ನೆ. ಬನ್ ತಿಂದೇ ಇಳಿಯೋ ವಿದ್ಯೆ ಯಾವ ಕ್ಲಾಸಲ್ಲಿ ಹೇಳ್ಕೊಡ್ತೀರಿ? ಅದಕ್ಕೂ ಸೇರ್ಕೊಳ್ತೀನಿ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಸಾಕು ಸಾಕು, ಕೂತ್ಕೊಳ್ಳಿ!" ಎಂದು ನಾನು ಗಾಬರಿಯಲ್ಲಿ ಕೈ ಎತ್ತಿದೆ. ಎರಡೂ ಕೈ.

ಉದ್ದನೆಯ ಅಂಗಿ ಹೊಲಿದುಕೊಂಡಿದ್ದರಿಂದ ಮಾನ ಉಳಿಯಿತು. ಅಂದರೆ ಬಟ್ಟೆಯಿಂದ ಉಳಿಸಬಹುದಾದಷ್ಟು ಮಾನ. ಪಾದದ ಸುತ್ತ ಪ್ಯಾಂಟು ಗುಪ್ಪೆಯಾಗಿ ಬಿದ್ದಿತ್ತು. ಅದರ ಹಿಂಭಾಗದಲ್ಲಿ ನಾನು ಸೇರಿಸಿದ್ದ ಪಟ್ಟಿ ಲೈಟಿನ ಬೆಳಕಿಗೆ ಬೇರೆಯದೇ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಂಗಿಯೊಳಗಿನ ಹೊಟ್ಟೆ ಮಾತ್ರ ತನ್ನ ಜಾಗದಲ್ಲಿ ಗಂಭೀರವಾಗಿ ನಿಂತಿತ್ತು. ಇಳಿದದ್ದು ಪ್ಯಾಂಟು, ಹೊಟ್ಟೆಯಲ್ಲ ಎಂಬುದು ಆ ಮಹಾಸಭೆಗೆ ಏಕಕಾಲದಲ್ಲಿ ಮನದಟ್ಟಾಯಿತು.

ಭಾವಮೈದುನ ಕುಗ್ಗಿಹೋಗುತ್ತಾನೆ ಎಂದುಕೊಂಡರೆ, ಇಲ್ಲ! ನಾನು ಪರದೆಯ ಹಿಂದೆ ಪ್ಯಾಂಟಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ ಬಂದು ಭುಜ ತಟ್ಟಿದ. "ಬೇಜಾರು ಮಾಡ್ಕೋಬೇಡಿ ಭಾವ. ನಲವತ್ತು ಜನ ಮಾಡಿದ್ರು, ಒಬ್ಬರು ಮಾಡ್ಲಿಲ್ಲ. ಮಾಡದೇ ಇದ್ರೆ ಏನಾಗುತ್ತೆ ಅಂತ ತೋರ್ಸೋಕೂ ಒಬ್ಬರು ಬೇಕಲ್ಲ? ನಿಮ್ಮದೊಂದು ಫೋಟೋ ಕೊಡಿ, ಪಕ್ಕದಿಂದ ತೆಗೆದಿದ್ದು."

ಮನೆಗೆ ಬಂದಾಗ ನಾನು ಸಿಡಿಮಿಡಿಗೊಂಡಿದ್ದೆ. ಬೇಕರಿಯವನನ್ನು ಬೈದೆ, ಭಾವಮೈದುನನನ್ನು ಬೈದೆ, ಬೇರೆ ಬಣ್ಣ ಹೊಳೆದ ಪಟ್ಟಿಯನ್ನೂ ಬೈದೆ. ನನ್ನಾಕೆ ತನ್ನ ಬೀರು ತೆರೆದಳು. ಬಾಗಿಲ ಒಳಮೈಯಲ್ಲಿ ಇನ್ನೊಂದು ಗ್ರಾಫ್ ಹಾಳೆ! ಅದರಲ್ಲಿ ಕೆಂಪು ಗೆರೆ ನಲವತ್ತೊಂದರಿಂದ ಹೊರಟು ಮೇಲಕ್ಕೆ, ಇನ್ನೂ ಮೇಲಕ್ಕೆ ಹತ್ತಿ, ನಲವತ್ಮೂರರಲ್ಲಿ ನಿಂತಿತ್ತು.

"ಇದೇನಿದು?"

"ನಿಮ್ಮ ಸೊಂಟ. ನಿಜವಾದದ್ದು. ಎರಡನೇ ವಾರ ಕಿಟಕಿಗೆ ಪರದೆ ಬಟ್ಟೆ ತಂದೆನಲ್ಲ, ಆ ಟೇಪಲ್ಲೇ ಅಳೆದುಕೊಂಡು ಹೋಗಿದ್ದು. ಬಟ್ಟೆ ಸಾಲ್ಲಿಲ್ಲ. ಆಮೇಲೆ ಪ್ರತಿ ವಾರ ಟೇಪನ್ನ ಸ್ಕೂಲಿನ ಸ್ಕೇಲ್ ಪಕ್ಕ ಇಟ್ಟು ನೋಡ್ತಿದ್ದೆ. ಈಗ ಹತ್ತು ಇಂಚಿಗೆ ಒಂದು ಇಂಚು ಸುಳ್ಳು ಹೇಳುತ್ತೆ. ಮೂವತ್ತೊಂಬತ್ತು ಅಂದ್ರೆ ನಲವತ್ಮೂರು. ಏಳನೇ ಕ್ಲಾಸಿನ ಲೆಕ್ಕ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಡಾಕ್ಟರಮ್ಮನ ಹತ್ರ ಹೋಗಿ ಅತ್ತುಬಿಟ್ಟೆ. ಬೈದು ಮಾಡಿಸಿದ್ರೆ ಒಂದು ವಾರ ಮಾಡ್ತಾರೆ, ಅವರಿಗೇ ನಾಚಿಕೆ ಆಗ್ಬೇಕು ಅಂದ್ರು. ಆಗುತ್ತೇನೋ ಅಂತ ವಾರ ವಾರ ಕಾದೆ." ಅವಳು ಕೆಂಪು ಗೆರೆಯ ತುದಿಯ ಮೇಲೆ ಬೆರಳಿಟ್ಟಳು. "ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಅಂತ ನನಗೆ ಗೊತ್ತಿಲ್ವಾ? ಸ್ಕೂಲಿಗೆ ಹೋಗೋ ಮೊದಲು ಹತ್ತು ಸೂಜಿಗೆ ದಾರ ಹಾಕಿ ಇಡ್ತಿದ್ದೋರು ಯಾರು ಅಂದ್ಕೊಂಡ್ರಿ?"

ದಾರ ಹಾಕಿದ ಸೂಜಿಗಳು ಕೈಗೆ ಸಿಗುತ್ತಿದ್ದುದು ನನ್ನದೇ ಮುಂದಾಲೋಚನೆ ಎಂದು ನಾನು ನಂಬಿದ್ದೆ. ಅವಳು ಬೀರುವಿನ ಬಾಗಿಲು ಮುಚ್ಚಲು ಕೈ ಎತ್ತಿದಾಗ ಬ್ಲೌಸಿನ ಪಕ್ಕದ ಹೊಲಿಗೆ ಕಂಡಿತು. ವಕ್ರವಕ್ರ ಕೈಹೊಲಿಗೆ.

"ಇದ್ಯಾರು ಇಷ್ಟು ಅಧ್ವಾನವಾಗಿ ಹೊಲಿದದ್ದು?" ಎಂದುಬಿಟ್ಟೆ, ಅಭ್ಯಾಸಬಲ.

"ನಾನೇ. ಲೂಸಾಗಿದೆ, ಟೈಟ್ ಮಾಡ್ಕೊಡಿ ಅಂತ ಮೂರು ಸಲ ಕೇಳಿದೆ. ಟೈಮಿಲ್ಲ ಅಂದ್ರಿ. ತಲೆ ಎತ್ತಿ ನೋಡ್ಲೂ ಇಲ್ಲ."

ಆಗ ನೋಡಿದೆ. ಎಲ್ಲರ ಅಳತೆಯೂ ಬಾಯಿಪಾಠವಿರುವ ಈ ಮಹಾಶಯನ ಮನೆಯಲ್ಲೇ ಒಬ್ಬಳು, ನನಗೆ ಹೇಳಿದ ಪಥ್ಯವನ್ನು ತಾನು ಮಾಡಿ, ಮೂರು ಇಂಚು ಇಳಿದಿದ್ದಳು. ಮೂರು ತಿಂಗಳು ಒಂದೇ ಮೇಜಿನಲ್ಲಿ ಎದುರುಬದುರು ಕೂತಿದ್ದೆವು. ನಾನು ತಿರಸ್ಕರಿಸುತ್ತಿದ್ದ ಮೂರ್ಖರ ಪಟ್ಟಿಯಲ್ಲಿ ನನ್ನದೇ ಹೆಸರು ಬಿಟ್ಟುಹೋಗಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ನಾನಾಗಿಯೇ ತರಕಾರಿಯ ಬೋಗುಣಿಯನ್ನು ಮೊದಲು ಎಳೆದುಕೊಂಡೆ. ಅವಳು ನೋಡಿಯೂ ನೋಡದವಳಂತಿದ್ದಳು.

ಮರುದಿನವೇ ಡಾಕ್ಟರಮ್ಮನಲ್ಲಿಗೆ ನಾನೇ ಹೋದೆ. ಮಾತ್ರೆ ಶುರುವಾಯಿತು. ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿದ ಕಣ್ಣಿನ ಡಾಕ್ಟರು, "ಸದ್ಯ, ಒಳಗೆ ಹಾನಿ ಆಗಿಲ್ಲ. ಸಕ್ಕರೆ ಏರಿಳಿದ್ರೆ ಹೀಗೆ ಮಂಜು ಮಂಜು ಕಾಣುತ್ತೆ. ಹೀಗೇ ಬಿಟ್ಟಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗಿತ್ತು" ಎಂದರು. ಆ ಮಾತು ಕೇಳುವಾಗ ಹೆಂಡತಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗಿಯ ತೋಳಿನ ಇಸ್ತ್ರಿ ಹೋಯಿತು.

ಈಗ ಸಂಜೆ ಇಬ್ಬರೂ ಪಾರ್ಕಿಗೆ ಹೋಗುತ್ತೇವೆ. ‘ಇಬ್ಬರೂ’ ಎನ್ನುವುದು ಗೇಟಿನವರೆಗೆ ಮಾತ್ರ. ಒಳಗೆ ಹೋದದ್ದೇ ತಡ, ಅವಳು ಸ್ಕೂಲಿನ ಬೆಲ್ಲು ಕೇಳಿದವರ ಹಾಗೆ ಹೊರಟುಬಿಡುತ್ತಾಳೆ. ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ಅವಳದು ಎರಡಾಗಿರುತ್ತದೆ.

ಮೊದಲ ವಾರ, ಎರಡನೇ ಸುತ್ತಿಗೇ ಉಸಿರು ಸೋತು ನಾನು ಬೆಂಚಿನ ಮೇಲೆ ಕುಸಿದಿದ್ದೆ. ಪಾರ್ಕಿಗೆ ಹೊಸದಾಗಿ ಬಂದಿದ್ದ ಒಬ್ಬ ಹೆಂಗಸು ನನ್ನ ಹೆಂಡತಿಯನ್ನು ಬೆಂಚಿನ ಹತ್ತಿರವೇ ತಡೆದು ನಿಲ್ಲಿಸಿದಳು.

"ಎರಡು ಮೂರು ದಿನದಿಂದ ನೋಡ್ತಿದ್ದೀನಿ ನಿಮ್ಮನ್ನ. ಈ ಕಾಲದಲ್ಲಿ ತಂದೇನ ಇಷ್ಟು ಅಕ್ಕರೆಯಿಂದ ನಡೆಸ್ಕೊಂಡು ಬರೋರು ಎಲ್ಲಿದ್ದಾರೆ, ಹೇಳಿ?"

ನಾನು ಬಾಯಿ ತೆರೆದೆ. ಉಸಿರು ಹೊರಬಂತು, ಮಾತು ಬರಲಿಲ್ಲ. ನಮ್ಮಿಬ್ಬರಿಗೆ ಇರುವುದು ಎರಡೇ ವರ್ಷದ ಅಂತರ. ಅದನ್ನು ಹೇಳಬೇಕಾದವಳು ನನ್ನ ಹೆಂಡತಿ. ಅವಳು ನನ್ನತ್ತ ತಿರುಗಿ, ಹೋಂವರ್ಕ್ ತಿದ್ದುವವಳ ಹಾಗೆ ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಏನ್ ಮಾಡೋದಮ್ಮ" ಎಂದಳು, "ಸ್ವಲ್ಪ ಹಠಮಾರಿ. ಆದ್ರೆ ಈಗೀಗ ಹೇಳಿದ ಮಾತು ಕೇಳ್ತಿದ್ದಾರೆ."

ಅಂದು ನಾನು ಎದ್ದು ಇನ್ನೂ ಮೂರು ಸುತ್ತು ನಡೆದೆ. ಆರೋಗ್ಯಕ್ಕಾಗಿ ಅಲ್ಲ, ಆ ಹೆಂಗಸು ಮನೆಗೆ ಹೋಗುವವರೆಗೆ ಮುದುಕನಂತೆ ಬೆಂಚಿನ ಮೇಲೆ ಕಾಣಬಾರದು ಎಂದು.